ಹೊಸೂರು: ಪದವಿಗೂ ಕೆಲಸಕ್ಕೂ ನಡುವಣ ದಾರಿ

ಅತ್ತಿಬೆಲೆಯನ್ನು ದಾಟಿ ಜೂಜುವಾಡಿಗೆ ಬಂದೊಡನೆ ರಾಜ್ಯ ಬದಲಾಗುತ್ತದೆ. ಮಾತು ಅಷ್ಟು ಬೇಗ ಬದಲಾಗುವುದಿಲ್ಲ. ಹೊಸೂರಿನ ಪೇಟೆಯಲ್ಲಿ ಕನ್ನಡ, ತೆಲುಗು, ತಮಿಳುಗಳು ಇಂದಿಗೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೂಡಿ ಕುಳಿತಿವೆ. ಚಂದ್ರಚೂಡೇಶ್ವರನ ಬೆಟ್ಟ ಮತ್ತು ಸುತ್ತಲಿನ ಹೂವು, ತರಕಾರಿಯ ತೋಟಗಳು ಊರಿನ ಹಳೆಯ ಗುರುತುಗಳಾದರೆ, ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಉದ್ದನೆಯ ಶೆಡ್ಡುಗಳು ಹೊಸ ಗುರುತುಗಳು.

1970ರ ದಶಕದಲ್ಲಿ ತಮಿಳುನಾಡು ಸರಕಾರ ಇಲ್ಲಿ ಕೈಗಾರಿಕೆಗಳಿಗೆ ನೆಲವನ್ನು ಒದಗಿಸಿತು. 1980ರಲ್ಲಿ ಟಿವಿಎಸ್ 50 ಮೊಪೆಡ್ ಇಲ್ಲಿಂದ ಹೊರಬಂತು. ಅಶೋಕ್ ಲೇಲ್ಯಾಂಡ್ ಬಂತು, ಟೈಟಾನ್ ಗಡಿಯಾರದ ಕಾರ್ಖಾನೆ ಬಂತು. ಇವುಗಳಿಗೆ ಬಿಡಿಭಾಗಗಳನ್ನು ಮಾಡಿಕೊಡುವ ಚಿಕ್ಕಪುಟ್ಟ ಘಟಕಗಳು ಸುತ್ತಲೂ ಬೆಳೆದವು.

ಇಂಥ ಘಟಕಕ್ಕೆ ಎಂತಹ ಎಂಜಿನಿಯರ್ ಬೇಕು? ನಕ್ಷೆಯಲ್ಲಿ 20 ಮಿಲಿಮೀಟರ್ ಎಂಬ ಅಳತೆಯ ಪಕ್ಕದಲ್ಲಿ ±0.02 ಎಂದು ಬರೆದಿದ್ದರೆ, 19.98ರಿಂದ 20.02ರವರೆಗಿನ ಭಾಗ ಮಾತ್ರ ಸ್ವೀಕಾರಾರ್ಹ. ಒಂದು ತಲೆಗೂದಲಿನ ದಪ್ಪಕ್ಕಿಂತಲೂ ಕಿರಿದಾದ ಅವಕಾಶವಿದು. ಮೈಕ್ರೋಮೀಟರ್ ಹಿಡಿದು ಅದನ್ನು ಅಳೆಯಬಲ್ಲವನು, ಅಳತೆ ತಪ್ಪಿದಾಗ ಉಪಕರಣ ಸವೆದಿದೆಯೋ, ಭಾಗವನ್ನು ಹಿಡಿದಿರುವ ರೀತಿ ಸರಿಯಿಲ್ಲವೋ ಎಂದು ಕಾರಣ ಹುಡುಕಬಲ್ಲವನು ಬೇಕು. ವಿದ್ಯುತ್ ವಾಹನಗಳು ಬಂದಮೇಲೆ ಮೆಕ್ಯಾನಿಕಲ್ ಓದಿದವನಿಗೂ ಬ್ಯಾಟರಿ, ಮೋಟಾರು, ಸಾಫ್ಟ್‌ವೇರುಗಳ ಪರಿಚಯ ಅಗತ್ಯವಾಗಿದೆ.

ಪದವಿ ಪಡೆದ ಅನೇಕರು ಇಲ್ಲಿಯೇ ಎಡವುತ್ತಾರೆ. ಸೂತ್ರ ಬಾಯಿಪಾಠವಿರುತ್ತದೆ, ಯಂತ್ರವನ್ನು ಮುಟ್ಟಿದ ಗಂಟೆಗಳು ಕಡಿಮೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ಹಣ ಕೊಟ್ಟು ಕೊಳ್ಳುವ ರೂಢಿಯೂ ಉಂಟು. ಆದರೆ ದೋಷವೆಲ್ಲ ಹುಡುಗರದಲ್ಲ. ಅನುಭವಸ್ಥರನ್ನೇ ಕೇಳುವ ಮಾಲೀಕರು ಅನುಭವ ಕೊಡುವ ಹೊಣೆಯನ್ನು ಹೊರಲು ಹಿಂಜರಿದರೆ, ಆ ಅನುಭವ ಬರುವುದಾದರೂ ಎಲ್ಲಿಂದ?

ಈ ಪ್ರಶ್ನೆಗೆ ಕಾನೂನು ಒಂದು ಉತ್ತರವನ್ನು ಕೊಟ್ಟಿದೆ. 1961ರ ಅಪ್ರೆಂಟಿಸ್ ಕಾಯಿದೆಯ ವ್ಯಾಪ್ತಿಗೆ 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾದವರೂ ಸೇರಿದರು. 2019ರ ನಿಯಮಗಳಂತೆ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕು. ಅವರಿಗೆ ಮಾಸಿಕ ಸ್ಟೈಪೆಂಡ್ ಸಲ್ಲುತ್ತದೆ.

ತಂದೆತಾಯಿಗಳು ಗಮನಿಸಬೇಕಾದ ಸಂಗತಿಗಳೂ ಅದರಲ್ಲಿಯೇ ಇವೆ. ಅಪ್ರೆಂಟಿಸ್ ಕಾರ್ಮಿಕನಲ್ಲ, ಕಲಿಯುವವನು ಎಂದು ಕಾಯಿದೆ ಹೇಳುತ್ತದೆ. ಅವನ ಕರಾರು ನೋಂದಣಿಯಾಗಬೇಕು. ಕರಾರಿನಲ್ಲಿ ಅಂಥ ಷರತ್ತು ಇಲ್ಲದಿದ್ದರೆ ತರಬೇತಿಯ ನಂತರ ಕೆಲಸ ಕೊಡಲೇಬೇಕೆಂಬ ಸಾಮಾನ್ಯ ಕಟ್ಟುಪಾಡು ಮಾಲೀಕನಿಗಿಲ್ಲ. ಬಾಯಿಮಾತಿನ ಭರವಸೆಯನ್ನು ನಂಬಿ ಸಹಿ ಹಾಕಿದವರು ವರ್ಷದ ಕೊನೆಗೆ ಬರಿಗೈಯಲ್ಲಿ ಗೇಟಿನ ಹೊರಗೆ ನಿಲ್ಲಬೇಕಾದೀತು. ಸಹಿಗೆ ಮೊದಲು ಓದುವುದು, ಒಂದು ಪ್ರತಿಯನ್ನು ಮನೆಯಲ್ಲಿಡುವುದು, ಯಾವ ವಿಭಾಗದಲ್ಲಿ ಏನು ಕಲಿಸುತ್ತಾರೆಂದು ಕೇಳುವುದು ಇವು ಸಣ್ಣ ಕೆಲಸಗಳಲ್ಲ.

ಕನ್ನಡ ಶಾಲೆಯಲ್ಲಿ ಓದಿದ ಮಗು ಹಿಂದುಳಿಯುವುದೆಂಬ ಅಂಜಿಕೆ ಗಡಿನಾಡಿನ ಮನೆಗಳಲ್ಲಿದೆ. ಸಂದರ್ಶನಕ್ಕೂ ವರದಿಗೂ ಇಂಗ್ಲಿಷ್ ಬೇಕೆಂಬುದು ನಿಜ; ಅದನ್ನು ಕಲಿಯಲೇಬೇಕು. ಆದರೆ ಎಂಜಿನಿಯರಿಂಗ್ ನಕ್ಷೆಗೆ ತನ್ನದೇ ಲಿಪಿಯುಂಟು. ಅದನ್ನು ಎಲ್ಲ ಮಾಧ್ಯಮದವರೂ ಹೊಸದಾಗಿಯೇ ಕಲಿಯುತ್ತಾರೆ. ಯಂತ್ರದ ಬಳಿ ನಿಂತ ಕೆಲಸಗಾರನೊಡನೆ ತಮಿಳಿನಲ್ಲಿ, ತೆಲುಗಿನಲ್ಲಿ ಮಾತನಾಡಿ ದೋಷದ ಮೂಲವನ್ನು ತಿಳಿಯಬಲ್ಲ ಹೊಸೂರಿನ ಹುಡುಗನಿಗೆ ಪೇಟೆಯೇ ಆ ವಿದ್ಯೆಯನ್ನು ಕಲಿಸಿದೆ.

ತಮಿಳುನಾಡಿನಲ್ಲಿ ಸರಕಾರಿ ಶಾಲೆಗಳಲ್ಲಿ 6ರಿಂದ 12ನೆಯ ತರಗತಿಯವರೆಗೆ ಓದಿದವರಿಗೆ 2021ರಿಂದ ಎಂಜಿನಿಯರಿಂಗ್ ಸೀಟುಗಳಲ್ಲಿ ಶೇಕಡಾ 7.5ರ ಮೀಸಲಾತಿಯಿದೆ. ಸೀಟು ದೊರೆತ ಮೇಲೆ ನಾಲ್ಕು ವರ್ಷಗಳ ರಜೆಯ ದಿನಗಳು ಉಳಿಯುತ್ತವೆ. ಅವುಗಳಲ್ಲಿ ಕೆಲವನ್ನಾದರೂ ಸಿಪ್ಕಾಟಿನ ಒಂದು ಸಣ್ಣ ಘಟಕದಲ್ಲಿ, ಎಣ್ಣೆ ಮೆತ್ತಿದ ಕೈಯಿಂದ ಕಳೆದ ವಿದ್ಯಾರ್ಥಿಗೆ ಸಂದರ್ಶನದಲ್ಲಿ ಹೇಳಲು ತನ್ನದೇ ಆದ ಮಾತು ಇರುತ್ತದೆ.