ಮಿತಭಾಷಿ ಪೆಟ್ಟಿಗೆ

ಸಂತೆಯಲ್ಲಿ ಗಡಿಗೆ ಕೊಳ್ಳುವವರು ಬೆರಳ ಗೆಣ್ಣಿನಿಂದ ಬಾರಿಸಿ ನೋಡುತ್ತಾರೆ; ಠಣ್ ಎಂದರೆ ಗಡಿಗೆ ಗಟ್ಟಿ. ಕಂಪ್ಯೂಟರಿನ ಕ್ಯಾಬಿನೆಟ್ಟಿಗೂ ಇದೇ ಪರೀಕ್ಷೆ ಸಲ್ಲುತ್ತದೆ, ತೀರ್ಪು ಮಾತ್ರ ತಿರುವುಮುರುವು. ಠಣ್ ಎಂದರೆ ತಗಡು ತೆಳುವು. ದಬ್ ಎಂದು ಸುಮ್ಮನಾದರೆ ಒಳ್ಳೆಯ ಮಾಲು.

ದೇಗಾಂವದಂಥ ಊರಿನಲ್ಲಿ ಈ ಭೇದ ಬೇಗ ತಿಳಿಯುತ್ತದೆ. ಪೇಟೆಯ ಗದ್ದಲದಲ್ಲಿ ಅಡಗಿಹೋಗುವ ಫ್ಯಾನಿನ ಗೊರಕೆ, 12ನೆಯ ಶತಮಾನದ ಕಮಲನಾರಾಯಣ ಗುಡಿಯ ಸುತ್ತ ಇರುಳು ಕವಿದ ಮೇಲೆ ಮನೆ ತುಂಬುತ್ತದೆ. ರಾತ್ರಿ ಹಳಗನ್ನಡ ಪದ್ಯವನ್ನು ಬಾಯಿಬಿಟ್ಟು ಓದಿ ಲಯ ಹಿಡಿಯಹೊರಟ ನನಗೆ ಈ ಶ್ರುತಿಗೆಟ್ಟ ತಂಬೂರಿ ಬೇಡ.

ಸದ್ದಿಗೆ ಮೂಲ ಎರಡು: ಗಾಳಿ, ನಡುಕ. 80 ಮಿಲಿಮೀಟರಿನ ಫ್ಯಾನು ಸಾಕಷ್ಟು ಗಾಳಿ ದೂಡಲು ರಭಸದಿಂದ ತಿರುಗಿ ಕೀರಲುಗುಟ್ಟುತ್ತದೆ. 120 ಅಥವಾ 140ರದು ನಿಧಾನವಾಗಿ ತಿರುಗಿಯೇ ಅಷ್ಟು ಗಾಳಿ ತರುತ್ತದೆ. ನಡುಕಕ್ಕೆ ಮದ್ದು ದಪ್ಪ ಉಕ್ಕು, ಹಾರ್ಡ್ ಡಿಸ್ಕಿನಡಿ ರಬ್ಬರ್ ಬಿಲ್ಲೆ. ಸದ್ದಡಗಲೆಂದು ಕಂಡಿಗಳನ್ನೆಲ್ಲ ಮುಚ್ಚಿದರೆ ಕಾದ ಯಂತ್ರ ಫ್ಯಾನನ್ನು ಇನ್ನೂ ಜೋರಾಗಿ ಓಡಿಸುತ್ತದೆ. ನಮ್ಮ ಬೇಸಿಗೆಯ ಧೂಳಿಗೆ, ತೆಗೆದು ತೊಳೆಯಬಲ್ಲ ಜಾಲರಿಯೂ ಮುಂದಿರಬೇಕು.

ಅಂಗಡಿಯವರು ತೋರಿಸುವುದು ಗಾಜು, ಬಣ್ಣದ ದೀಪ. ನಾವು ಕೇಳಬೇಕಾದ್ದು ತಗಡಿನ ದಪ್ಪ. ಬೆಲೆ ಹೆಚ್ಚೆನ್ನುವವರು ಇದನ್ನು ಎಣಿಸಲಿ. ಗೀತೆಯ ಪ್ರಕಾರ ಆತ್ಮ ದೇಹಗಳನ್ನು ಬದಲಿಸುತ್ತದೆ; ಇಲ್ಲಿ ದೇಹವೇ ಸ್ಥಿರ, ಆತ್ಮಗಳು ಬದಲಾಗುತ್ತವೆ. 1995ರಲ್ಲಿ ಇಂಟೆಲ್ ಕಂಪನಿ ಗೊತ್ತುಮಾಡಿದ ಎಟಿಎಕ್ಸ್ ಅಳತೆಯ ಬೋರ್ಡುಗಳು ಇಂದಿಗೂ ಬರುತ್ತಿವೆ. ಒಳಗಿನ ಮಿದುಳು ಕೆಲವೇ ವರ್ಷಗಳಲ್ಲಿ ಮುದಿಯಾದರೂ ಗಟ್ಟಿ ಪೆಟ್ಟಿಗೆ ಮುಂದಿನದನ್ನೂ ಹೊರುತ್ತದೆ. ಅಷ್ಟು ಕಾಲ ಜೊತೆಗಿರುವವರು ಮಿತಭಾಷಿಗಳಾಗಿದ್ದರೆ ಮನೆಗೆ ಕ್ಷೇಮ.