ವಿದೇಶ ವ್ಯಾಸಂಗ: ಒಬ್ಬ ತಂದೆಯ ತಪ್ಪೊಪ್ಪಿಗೆ

ವಿದ್ಯೆಗಾಗಿ ಮಕ್ಕಳನ್ನು ಪರದೇಶಕ್ಕೆ ಕಳುಹಿಸುವುದು ಯುಕ್ತವೇ ಎಂಬ ಪ್ರಶ್ನೆ ಇಂದು ನಮ್ಮ ಅನೇಕ ಮನೆಗಳಲ್ಲಿ ಏಳುತ್ತಿದೆ. ಈ ವಿಷಯದಲ್ಲಿ ಉಪದೇಶ ಮಾಡುವ ಅಧಿಕಾರ ನನಗಿಲ್ಲ. ಆದರೆ ನಾನೇ ಮಾಡಿದ ಒಂದು ತಪ್ಪನ್ನು ವಾಚಕ ಬಂಧುಗಳ ಮುಂದಿಟ್ಟರೆ ಯಾರಿಗಾದರೂ ಪ್ರಯೋಜನವಾದೀತೆಂಬ ಭಾವನೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಾನು ಬಯಲುಸೀಮೆಯವನು, ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವನು. 1974ರಲ್ಲಿ ಕಾರ್ಕಳದ ಪ್ರೌಢಶಾಲೆಯೊಂದಕ್ಕೆ ಅಧ್ಯಾಪಕನಾಗಿ ಬಂದಾಗ ನನಗೆ ಅದೇ ಪರದೇಶವಾಗಿತ್ತು. ಜೋಳದ ರೊಟ್ಟಿಯ ಬದಲು ಕುಚ್ಚಲಕ್ಕಿಯ ಗಂಜಿ. ತಿಂಗಳುಗಟ್ಟಲೆ ಬಿಡದ ಮಳೆ. ಬೀದಿಯಲ್ಲೆಲ್ಲ ನನಗೆ ತಿಳಿಯದ ತುಳು. 1432ರಲ್ಲಿ ಪ್ರತಿಷ್ಠಾಪಿತನಾದ ಗೊಮ್ಮಟನ ಬೆಟ್ಟದ ಬುಡದಲ್ಲಿ ಕುಳಿತು, ಊರಿಗೆ ಮರಳಿಬಿಡೋಣವೇ ಎಂದು ಎಷ್ಟೋ ಸಂಜೆ ಯೋಚಿಸಿದ್ದುಂಟು. ಆದರೆ ಮನೆಯಲ್ಲಿ ತುಳುವಾಡುವ ಆ ಮಕ್ಕಳು ನನ್ನೊಡನೆ ಪುಸ್ತಕದಂಥ ಶುದ್ಧ ಕನ್ನಡದಲ್ಲಿ ಮಾತನಾಡಿದಾಗ, ನಮ್ಮೂರ ಕನ್ನಡವೊಂದೇ ಕನ್ನಡವೆಂದು ತಿಳಿದಿದ್ದ ನನ್ನ ಅಭಿಮಾನ ಕರಗಿತು. ಎರಡು ವರ್ಷಗಳಲ್ಲಿ ಆ ಊರು ನನ್ನದಾಯಿತು.

ಮುಂದೆ ಮಣಿಪಾಲದ ಬಳಿ ಒಂದು ಸಣ್ಣ ಮನೆ ಕಟ್ಟಿಸಿದೆ. ಡಾ॥ ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸುವವರೆಗೆ ಆ ಸ್ಥಳ ಬರಿಯ ಮುರಕಲ್ಲಿನ ಬೋಳು ಗುಡ್ಡವಾಗಿತ್ತೆಂದು ಹಿರಿಯರು ಹೇಳುತ್ತಿದ್ದರು. ನಾವು ನೆಲೆಸುವ ಹೊತ್ತಿಗೆ ಮಲೇಶಿಯಾದಿಂದಲೂ ಇತರ ದೇಶಗಳಿಂದಲೂ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. 1997ರಲ್ಲಂತೂ, ಮೊದಲ ಭಾಗವನ್ನು ಮಣಿಪಾಲದಲ್ಲಿಯೂ ಉಳಿದುದನ್ನು ಮಲೇಶಿಯಾದ ಮೆಲಕಾದಲ್ಲಿಯೂ ಓದುವಂಥ ವೈದ್ಯಕೀಯ ಕಾಲೇಜೊಂದು ಆರಂಭವಾಯಿತು.

1994ರಲ್ಲಿ ನಮ್ಮ ಮಾಳಿಗೆಯ ಕೋಣೆಗೆ ಮಲೇಶಿಯಾದ ವೈದ್ಯವಿದ್ಯಾರ್ಥಿನಿಯೊಬ್ಬಳು ಬಾಡಿಗೆಗೆ ಬಂದಳು. ಮೊದಲ ತಿಂಗಳು ಅವಳು ಅತ್ತದ್ದು ನಮಗೆ ಕೆಳಗೆ ಕೇಳಿಸುತ್ತಿತ್ತು. ನನ್ನ ಮನೆಯವರು ಅವಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು "ಎಲ್ಲಿ ನೋವು? ಯಾವಾಗಿನಿಂದ?" ಎಂಬ ಮಾತುಗಳನ್ನು ಕಲಿಸಿದರು. ಆಸ್ಪತ್ರೆಗೆ ಹೋದರೆ, ಹಳ್ಳಿಯಿಂದ ಬಂದ ಮುದುಕಿಗೆ ಕನ್ನಡವೂ ಬಾರದು! ಹುಡುಗಿ ಮರಳಿ ಬಂದು, ನೆರೆಮನೆಯವರಿಂದ "ಓಲು ಬೇನೆ?" ಎಂದು ತುಳುವಿನಲ್ಲಿ ಕೇಳುವುದನ್ನು ಕಲಿತಳು. ಮರುದಿನ ಆ ಮುದುಕಿ ತನ್ನ ಕೈಹಿಡಿದು ಬಿಡಲೇ ಇಲ್ಲವೆಂದು ಹೇಳುವಾಗ ಅವಳ ಕಣ್ಣು ತುಂಬಿತ್ತು. "ಅಮ್ಮಾ, ನಮ್ಮ ದೇಶದಲ್ಲಿಯೂ ವೈದ್ಯರ ಭಾಷೆ ತಿಳಿಯದ ಮುದುಕಿಯರಿದ್ದಾರೆ. ಅವರನ್ನು ನಾನು ಇದುವರೆಗೆ ನೋಡಿಯೇ ಇರಲಿಲ್ಲ" ಎಂದಳು. ಅವಳ ಪದವಿಗಿಂತ ಈ ಮಾತು ದೊಡ್ಡದೆಂದು ನನಗೆ ಅಂದೇ ಅನಿಸಿತ್ತು. ಶಾಲೆಯಲ್ಲಿಯೂ ಮಕ್ಕಳಿಗೆ ಇದನ್ನು ಹೇಳಿ ಕೊಂಡಾಡಿದೆ.

ಆದರೆ ಹೇಳುವುದು ಸುಲಭ. 1998ರಲ್ಲಿ ಇಂಜಿನಿಯರಿಂಗ್ ಮುಗಿಸಿದ ನನ್ನ ಮಗನಿಗೆ ಅಮೇರಿಕೆಯ ವಿಶ್ವವಿದ್ಯಾನಿಲಯವೊಂದರಲ್ಲಿ ಪ್ರವೇಶ ದೊರೆಯಿತು. ನಾನು ಬೇಡವೆಂದೆ. "ಲೋಕವೇ ಮಣಿಪಾಲಕ್ಕೆ ಬರುತ್ತಿರುವಾಗ ನೀನೇಕೆ ಹೊರಗೆ ಹೋಗಬೇಕು?" ಎಂದು ಕೇಳಿದೆ. ಸಾಲದ ಭಯವಿತ್ತು, ನಿಜ; ಅದಕ್ಕಿಂತ ಹೆಚ್ಚಾಗಿ, ಹೋದವನು ಮರಳಲಾರನೆಂಬ ಭಯವಿತ್ತು. ಪರರ ಮಗಳಲ್ಲಿ ನಾನು ಕಂಡ ಧೈರ್ಯವನ್ನು ನನ್ನ ಮಗನಿಗೆ ಅನುಮತಿಸಲಾರದೆ ಹೋದೆ. "ಆಗಲಿ ಅಪ್ಪಾ" ಎಂದಷ್ಟೇ ನುಡಿದು ಅವನು ಇಲ್ಲಿಯೇ ಉದ್ಯೋಗ ಹಿಡಿದನು. ಮತ್ತೆಂದೂ ಆ ಮಾತೆತ್ತಲಿಲ್ಲ.

ನಮ್ಮ ಹಿರಿಯರು ಹೀಗೆ ಅಂಜಿದ್ದರೇ? ಬೆಳಗಾವಿ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ಗೆ ಹೋಗಿ 1927ರಲ್ಲಿ ಗಣಿತದಲ್ಲಿ ರ‍್ಯಾಂಗ್ಲರ್ ಆದರು. ಮರಳಿ ಬಂದು 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಅದನ್ನು ಕಟ್ಟಿ ಬೆಳೆಸಿದರು. ತೀರ್ಥಹಳ್ಳಿಯ ಕಡೆಯ ಯು.ಆರ್. ಅನಂತಮೂರ್ತಿಯವರು ತಮ್ಮ ಅಗ್ರಹಾರದ ಕಥೆಯಾದ 'ಸಂಸ್ಕಾರ'ವನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ವಿದ್ಯಾರ್ಥಿಯಾಗಿದ್ದಾಗ. ದೂರ ಹೋದವನಿಗೆ ತನ್ನ ಊರು ಸ್ಪಷ್ಟವಾಗಿ ಕಾಣುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊತ್ತನೆಂದು ಪ್ರತೀತಿಯುಳ್ಳ ಮೋಳಿಗೆಯ ಮಾರಯ್ಯನೂ ಅರಿವಿಗಾಗಿ ನಾಡು ಬಿಟ್ಟವನೇ ಅಲ್ಲವೇ?

ಕಳೆದ ವರ್ಷ ನನ್ನ ಮೊಮ್ಮಗಳು ಜರ್ಮನಿಯಲ್ಲಿ ಓದಬೇಕೆಂದಳು. ಮಗ ನನ್ನ ಬಳಿಗೆ ಬಂದು, "ಹೋಗು ಅಂತಲೋ ಬೇಡ ಅಂತಲೋ ನೀವೇ ಹೇಳಿ ಅಪ್ಪಾ. ನನ್ನಿಂದ ಬೇಡ ಅನ್ನಲಿಕ್ಕೆ ಆಗುವುದಿಲ್ಲ" ಎಂದನು. ಇಪ್ಪತ್ತೇಳು ವರ್ಷ ಅವನು ಆಡದೆ ಉಳಿಸಿಕೊಂಡಿದ್ದ ಮಾತೆಲ್ಲ ಅದರಲ್ಲಿತ್ತು. ನಾನು ಅವನ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆ. ಅವನು ಏನೂ ಹೇಳದೆ ನನ್ನ ಕೈಯನ್ನು ಹಿಡಿದುಕೊಂಡನು.

ಅಂದು ಸಂಜೆ ಮೂವರೂ ಕಾಪುವಿನ ಕಡಲತೀರಕ್ಕೆ ಹೋದೆವು. ಮೊಮ್ಮಗಳು ಲೆಕ್ಕವನ್ನೆಲ್ಲ ಮುಂದಿಟ್ಟಳು. ಆ ದೇಶದ ಹಲವು ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನ ಶುಲ್ಕವಿಲ್ಲ. ಆದರೆ ಒಂದು ವರ್ಷದ ಜೀವನವೆಚ್ಚಕ್ಕೆಂದು ಆಗ 11,904 ಯೂರೋಗಳನ್ನು ಬ್ಯಾಂಕಿನಲ್ಲಿ ಮೊದಲೇ ಇಟ್ಟು ತೋರಿಸಬೇಕಾಗಿತ್ತು. ಮಧ್ಯವರ್ತಿಗಳ ಮಾತನ್ನು ನಂಬದೆ ಇಂಥ ನಿಯಮಗಳನ್ನು ನಾವೇ ವಿಚಾರಿಸುವುದು ಅಗತ್ಯ. ವೈದ್ಯವಿದ್ಯೆಗೆ ಕಳುಹಿಸುವವರಂತೂ, ಮರಳಿದ ಮೇಲೆ ಇಲ್ಲಿ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬುದನ್ನು ಮರೆಯಬಾರದು.

"ಹೋಗಿ ಬಾ ಮಗೂ. ಮೊದಲು ಅಲ್ಲಿನವರ ಭಾಷೆಯನ್ನು ಕಲಿ. ಕಷ್ಟವಾದರೆ ಮುಚ್ಚಿಡಬೇಡ" ಎಂದೆ. "ಮರಳಿ ಬರಲೇಬೇಕಾ ಅಜ್ಜಾ?" ಎಂದು ಕೇಳಿದಳು. ನಾನು ಕರಾರು ಹಾಕಲಿಲ್ಲ. ಎದುರಿಗೆ, 1901ರಲ್ಲಿ ಕಟ್ಟಿದ ದೀಪಸ್ತಂಭ ಆಗಷ್ಟೇ ಬೆಳಗತೊಡಗಿತ್ತು. ಅದು ಯಾವ ಹಡಗನ್ನೂ ಕಟ್ಟಿಹಾಕುವುದಿಲ್ಲ. ಹೋಗುವವರಿಗೆ ತೀರವೆಲ್ಲಿದೆಯೆಂದು ತೋರಿಸುತ್ತದೆ. ತಂದೆತಾಯಿಗಳ ಕರ್ತವ್ಯವೂ ಅಷ್ಟೇ ಎಂಬುದನ್ನು ನಾನು ತಡವಾಗಿ ಕಲಿತೆನು. ಬಂಧುಗಳು ನನಗಿಂತ ಬೇಗ ಕಲಿಯಲೆಂಬುದೇ ಈ ಲೇಖನದ ಆಶಯ.