ಹಾಲು ಹೊರಡುವ ಊರಿನಲ್ಲಿ

ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರಲ್ಲಿ ಉದ್ಘಾಟನೆಯಾದ ಮೇಲೆ ಮದ್ದೂರು ಪೇಟೆಯೊಳಗೆ ಇಳಿಯುವ ಪರಸ್ಥಳದವರು ಕಡಿಮೆಯಾಗಿದ್ದಾರೆ. ಇಳಿದವರೂ ವಡೆ ಕಟ್ಟಿಸಿಕೊಂಡು ಹೊರಟುಬಿಡುತ್ತಾರೆ. ಪೇಟೆಯಿಂದ ಒಳರಸ್ತೆ ಹಿಡಿದರೆ ಐದಾರು ಮೈಲಿಯಲ್ಲೇ ಬೇರೊಂದು ಲೋಕ. ಎರಡೂ ಬದಿಗೆ ಕಬ್ಬು, ನಡುನಡುವೆ ಭತ್ತದ ಗದ್ದೆ, ಬದುವಿನ ಮೇಲೆ ಆಳೆತ್ತರ ಬೆಳೆದ ಸೀಮೆಹುಲ್ಲು. ಕಾವೇರಿಯ ನೀರು ನಾಲೆಗಳಲ್ಲಿ ಇಲ್ಲಿಯ ತನಕ ಹರಿದು ಬರುತ್ತದೆ. ನೀರು ಬಂದಲ್ಲಿ ಹುಲ್ಲು ಬಂತು, ಹುಲ್ಲು ಬಂದಲ್ಲಿ ಸೀಮೆ ಹಸು ಬಂತು. ಹಿಂದೆ ಈ ಸೀಮೆಯ ಹೆಮ್ಮೆ ಹಳ್ಳಿಕಾರ್ ದನ. ಅದು ಗಾಡಿಗೂ ನೇಗಿಲಿಗೂ ಹೆಸರಾದ ತಳಿ. ಹಾಲಿನ ಲೆಕ್ಕದಲ್ಲಿ ಮಾತ್ರ ಅದು ಬಲು ಜಿಪುಣ; ಕರು ಕುಡಿದು ಮಿಕ್ಕಿದ್ದು ಮನೆಗೆ, ಅಷ್ಟೆ.

ಮಳೆಗಾಲದ ಒಂದು ಬೆಳಗ್ಗೆ ಆರು ಗಂಟೆಗೆ ಅಂಥದೊಂದು ಹಳ್ಳಿಯ ಡೈರಿಯ ಮುಂದೆ ನಿಂತಿದ್ದೆ. ಡೈರಿ ಎಂದರೆ ದೊಡ್ಡ ಕಾರ್ಖಾನೆಯಲ್ಲ. ಒಂದು ಕೋಣೆ, ಒಂದು ಪಡಸಾಲೆ, ಗೋಡೆಯ ಮೇಲೆ ‘ಹಾಲು ಉತ್ಪಾದಕರ ಸಹಕಾರ ಸಂಘ’ ಎಂಬ ಬರಹ. ಸರತಿಯಲ್ಲಿ ಹೆಂಗಸರೇ ಹೆಚ್ಚು. ಕೈಯಲ್ಲಿ ಸ್ಟೀಲಿನ ಕ್ಯಾನು, ತಲೆಯ ಮೇಲೆ ಸೆರಗು. ಒಳಗೆ ಕಾರ್ಯದರ್ಶಿ ಪ್ರತಿ ಕ್ಯಾನಿನಿಂದ ಒಂದಿಷ್ಟು ಹಾಲು ತೆಗೆದು ಯಂತ್ರಕ್ಕೆ ಹಿಡಿಯುತ್ತಾರೆ. ಜಿಡ್ಡು ಎಷ್ಟು, ಜಿಡ್ಡಲ್ಲದ ಘನಾಂಶ ಎಷ್ಟು ಎಂಬುದು ಅಂಕಿಯಲ್ಲಿ ಮೂಡುತ್ತದೆ. ಅಂಕಿ ಕಡಿಮೆಯಾದರೆ ಬೆಲೆಯೂ ಕಡಿಮೆ. ಆ ಕ್ಷಣದಲ್ಲಿ ಸಾಲಿನಲ್ಲಿ ಒಂದು ಮೌನ ಇರುತ್ತದೆ. ಪರೀಕ್ಷೆಯ ಫಲಿತಾಂಶ ಓದುವಾಗ ತರಗತಿಯಲ್ಲಿ ಇರುತ್ತದಲ್ಲ, ಹಾಗೆ.

ಏಳು ಲೀಟರ್ ಹಾಕಿ ಹೊರಬಂದ ತಾಯಿಯೊಬ್ಬರನ್ನು, ಮನೆಗೆ ಎಷ್ಟು ಇಟ್ಟುಕೊಂಡಿರಿ ಎಂದು ಕೇಳಿದೆ.

“ಟೀಗೆ ಒಂದ್ ಲೋಟ ಮಡಿಕತೀವಿ ಸಾ. ಐಕ್ಳೇ ಕುಡುದ್ಬುಟ್ರೆ ಹಿಂಡಿ ಬೂಸಕ್ಕೆ ಎಲ್ಲಿಂದ ತರದು?”

ಆಕೆಗೆ ಇಬ್ಬರು ಮಕ್ಕಳು, ಇಬ್ಬರೂ ಊರಿನ ಶಾಲೆಗೆ ಹೋಗುವವರು. ಬೆಳಗಿನ ಏಳು ಲೀಟರಿನಲ್ಲಿ ಅವರ ಪಾಲಿಗೆ ಬರುವುದು ಚಹಾಕ್ಕೆ ಬೆರೆತ ನಾಲ್ಕು ಚಮಚ. ಇದನ್ನು ಕೇಳಿ ಆ ತಾಯಿಯನ್ನು ದೂರುವುದು ಸುಲಭ. ಆದರೆ ಶಾಲೆಯ ಪುಸ್ತಕ, ಬಟ್ಟೆ, ಆಸ್ಪತ್ರೆಯ ಖರ್ಚು ಎಲ್ಲವೂ ಹದಿನೈದು ದಿನಕ್ಕೊಮ್ಮೆ ಬರುವ ಡೈರಿ ಬಟವಾಡೆಯಿಂದಲೇ ನಡೆಯುತ್ತವೆ. ಕಬ್ಬಿನ ಹಣ ವರ್ಷಕ್ಕೊಮ್ಮೆ, ಅದೂ ಬಂದರೆ ಬಂತು. ಹಾಲು ಮಕ್ಕಳ ಹೊಟ್ಟೆಗೆ ನೇರವಾಗಿ ಹೋಗದಿದ್ದರೂ ಬೇರೆ ರೂಪದಲ್ಲಿ ತಲಪುತ್ತಿದೆ ಎಂದು ವಾದಿಸಬಹುದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಹಾಲು ಕುಡಿಯದಿದ್ದರೆ ಈ ಮಕ್ಕಳಿಗೆ ಏನಾದರೂ ನಷ್ಟವಾಗುತ್ತಿದೆಯೇ? ಬೆಂಗಳೂರಿನಲ್ಲಿ ಇದೇ ಹಾಲನ್ನು ಲೋಟಕ್ಕೆ ಸುರಿದು, ಡಬ್ಬದ ಪುಡಿ ಬೆರೆಸಿ, ಮಗುವಿನ ಹಿಂದೆ ಓಡುವ ತಂದೆತಾಯಿಯರು ಮಾಡುತ್ತಿರುವುದು ಸರಿಯೇ?

ಸಂಘದ ಜಗಲಿಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿತು. “ನಮ್ ಕಾಲ್ದಲ್ಲಿ ಹಾಲ ಯಾರ್ ಕುಡೀತಿದ್ರು ಮಗ? ಕಾಸಿ ಹೆಪ್ಪು ಹಾಕ್ತಿದ್ದೊ. ಬೆಣ್ಣೆ ಸಂತೆಗೆ, ಮಜ್ಗೆ ಮನೆಗೆ. ಬರೀ ಹಾಲು ಅಂದ್ರೆ ಬಾಣಂತಿಗೆ, ಕಾಯ್ಲೆಯೋರ್ಗೆ, ಇಲ್ಲ ಹುತ್ತಕ್ಕೆ!”

ಎಲ್ಲರೂ ನಕ್ಕರು. ಆದರೆ ಅಜ್ಜಿಯ ಮಾತಿನಲ್ಲಿ ದೊಡ್ಡದೊಂದು ಜೀವವಿಜ್ಞಾನದ ಪಾಠವಿದೆ.

ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಒಡೆದು ಅರಗಿಸಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಎಂಬ ಕಿಣ್ವ ಬೇಕು. ಕೊಟ್ಟಿಗೆಯ ಕರುವಿಗೆ ಅದು ಧಾರಾಳವಾಗಿರುತ್ತದೆ. ಹುಲ್ಲು ಮೇಯಲು ಕಲಿತ ಮೇಲೆ ಕಡಿಮೆಯಾಗುತ್ತದೆ. ಮೊಲೆಯುಣ್ಣುವ ಪ್ರಾಣಿಗಳೆಲ್ಲದರ ಕಥೆಯೂ ಸಾಮಾನ್ಯವಾಗಿ ಇದೇ. ಮನುಷ್ಯರಲ್ಲೂ ಬಹುಪಾಲು ಜನರಿಗೆ ಬಾಲ್ಯ ಕಳೆಯುತ್ತಿದ್ದಂತೆ ಈ ಕಿಣ್ವ ಇಳಿಮುಖವಾಗುತ್ತದೆ. ಕೆಲವು ಸಾವಿರ ವರ್ಷಗಳ ಹಿಂದೆ, ದನ ಸಾಕಿ ಹಾಲು ಕರೆಯುತ್ತಿದ್ದ ಜನಾಂಗಗಳಲ್ಲಿ ಒಂದು ಸಣ್ಣ ಆನುವಂಶಿಕ ಬದಲಾವಣೆ ಹರಡಿತು. ಅದನ್ನು ಪಡೆದವರಿಗೆ ಮುಪ್ಪಿನ ತನಕ ಹಾಲು ಅರಗುತ್ತದೆ. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ವಿಜ್ಞಾನಿಗಳೂ ಪಾಲ್ಗೊಂಡಿದ್ದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ ಈ ಬದಲಾವಣೆ ಇದೆ. ವಾಯವ್ಯ ಭಾಗದಲ್ಲಿ ಹೆಚ್ಚು, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಡಿಮೆ. ದನ ಎಮ್ಮೆ ಸಾಕುವ ಸಮುದಾಯಗಳಲ್ಲಿ ಮತ್ತೆ ಹೆಚ್ಚು ಎಂದು ಅದು ತಿಳಿಸಿತು.

ಹಾಗಾದರೆ ನಮ್ಮಲ್ಲಿ ಹೆಚ್ಚಿನವರು ಹಾಲು ಮುಟ್ಟಲೇಬಾರದೇ? ಅಲ್ಲ. ಕಿಣ್ವ ಕಡಿಮೆ ಇರುವವರಲ್ಲೂ ಬಹಳ ಮಂದಿ ಒಂದು ಲೋಟ ಹಾಲನ್ನು, ವಿಶೇಷವಾಗಿ ಊಟತಿಂಡಿಯೊಂದಿಗೆ, ತೊಂದರೆಯಿಲ್ಲದೆ ಕುಡಿಯಬಲ್ಲರು. ಉಳಿದವರಿಗೆ ಕುಡಿದ ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಹೊಟ್ಟೆಯುಬ್ಬರ, ಗುಡುಗುಡು ಸದ್ದು, ನೋವು, ಕೆಲವೊಮ್ಮೆ ಭೇದಿ. ಇದು ರೋಗವಲ್ಲ, ಮೈಯ ಗುಣ. ಹೆಪ್ಪು ಹಾಕಿದ ಹಾಲಿನಲ್ಲಿ ಸೂಕ್ಷ್ಮಜೀವಿಗಳು ಆ ಸಕ್ಕರೆಯ ಒಂದು ಪಾಲನ್ನು ಮೊದಲೇ ತಿಂದಿರುತ್ತವೆ. ಮಿಕ್ಕಿದ್ದನ್ನು ಒಡೆಯಲು ಕರುಳಿನಲ್ಲೂ ನೆರವಾಗುತ್ತವೆ. ಮಜ್ಜಿಗೆಗೆ ನೀರು ಬೇರೆ ಬೆರೆತಿರುತ್ತದೆ. ಅಜ್ಜಿಯ ಮನೆಯಲ್ಲಿ ಯಾರೂ ಲ್ಯಾಕ್ಟೇಸ್ ಹೆಸರು ಕೇಳಿರಲಿಲ್ಲ. ಬೆಣ್ಣೆಯ ಕಾಸಿಗಾಗಿ ಹೆಪ್ಪು ಹಾಕಿದರು, ಹೊಟ್ಟೆಯೂ ಬದುಕಿಕೊಂಡಿತು.

ಅಷ್ಟರಲ್ಲಿ ಹಾಲಿನ ಗಾಡಿ ಬಂತು. ಈ ಭಾಗದ ಹಾಲು ಸೇರುವುದು ಹೆದ್ದಾರಿಯ ಮಗ್ಗುಲಿನ ಗೆಜ್ಜಲಗೆರೆಗೆ. ಮಂಡ್ಯ ಜಿಲ್ಲಾ ಹಾಲು ಒಕ್ಕೂಟದ ಡೈರಿ ಇರುವುದು ಅಲ್ಲಿ. ಹಸಿ ಹಾಲಿನಲ್ಲಿ ಕ್ಷಯ, ಬ್ರುಸೆಲ್ಲಾ ಮುಂತಾದ ರೋಗಾಣುಗಳು ಇರಬಹುದು. ಅದಕ್ಕಾಗಿ ಡೈರಿಗಳಲ್ಲಿ ಹಾಲನ್ನು 72 ಡಿಗ್ರಿ ಶಾಖಕ್ಕೆ ಹದಿನೈದು ಸೆಕೆಂಡು ಏರಿಸಿ, ಕೂಡಲೇ ತಣ್ಣಗಾಗಿಸುತ್ತಾರೆ. ಕರೆದ ಹಾಲನ್ನು ಹಾಗೆಯೇ ಕುಡಿದರೆ ಶಕ್ತಿ ಹೆಚ್ಚು ಎಂಬ ಮಾತು ಈಚೆಗೆ ಪಟ್ಟಣಗಳಲ್ಲಿ ಫ್ಯಾಷನ್ ಆಗಿದೆ. ಹಳ್ಳಿಯಲ್ಲಿ ಹಸು ಕಟ್ಟಿದವರೇ ಕಾಸದೆ ಕುಡಿಯುವುದಿಲ್ಲ; ಬುದ್ಧಿವಂತರು. ಮಾರಾಟವಾಗದೆ ಮಿಕ್ಕ ಹಾಲಿನ ನೀರು ಇಂಗಿಸಿ, ಬಿಸಿಗಾಳಿಯಲ್ಲಿ ಸಿಂಪಡಿಸಿ ಪುಡಿ ಮಾಡುತ್ತಾರೆ. ಆ ಪುಡಿ ಚೀಲಗಳಲ್ಲಿ ತುಂಬಿ ಮತ್ತೆ ಹಳ್ಳಿಗೇ ಬರುತ್ತದೆ. ಅದನ್ನು ನೋಡಲೆಂದು ಊರಿನ ಸರ್ಕಾರಿ ಶಾಲೆಗೆ ನಡೆದೆ.

ರಾಜ್ಯದಲ್ಲಿ ‘ಕ್ಷೀರಭಾಗ್ಯ’ ಆರಂಭವಾದದ್ದು 2013ರ ಆಗಸ್ಟ್ 1ರಂದು. ಹಾಲು ಒಕ್ಕೂಟಗಳಲ್ಲಿ ಹೆಚ್ಚುವರಿ ಹಾಲು ಸೇರುತ್ತಿದ್ದ ಕಾಲ ಅದು. ರೈತರಿಗೆ ಮಾರುಕಟ್ಟೆ, ಮಕ್ಕಳಿಗೆ ಪೋಷಣೆ ಎಂಬ ಎರಡು ಉದ್ದೇಶ ಒಂದೇ ಲೋಟದಲ್ಲಿ ಸೇರಿದವು. ಮಗುವಿಗೆ 18 ಗ್ರಾಂ ಕೆನೆಭರಿತ ಪುಡಿಯಿಂದ 150 ಮಿಲಿಲೀಟರ್ ಹಾಲು; ಮೊದಲು ವಾರಕ್ಕೆ ಮೂರು ದಿನ, ಆಮೇಲೆ ಐದು ದಿನ.

ಶಾಲೆಗೆ ಹಾಲು ಕೊಡುವ ಯೋಚನೆಗೆ ನಮ್ಮ ನೆರೆಯಲ್ಲೇ ಹಳೆಯ ಬೇರೂ ಇದೆ. ನೀಲಗಿರಿಯ ಕೂನೂರಿನಲ್ಲಿದ್ದ ಪೋಷಣಾ ಸಂಶೋಧನಾಲಯದ ಅಯ್ಕ್ರಾಯ್ಡ್ ಮತ್ತು ಸಂಗಡಿಗರು 1930ರ ದಶಕದಲ್ಲಿ ಮಕ್ಕಳಿಗೆ ಕೆನೆ ತೆಗೆದ ಹಾಲನ್ನು ಕೊಟ್ಟು ಪರೀಕ್ಷಿಸಿದರು. ಬರೀ ಅನ್ನವೇ ಮುಖ್ಯವಾದ ಬಡ ಊಟ ಉಣ್ಣುತ್ತಿದ್ದ ಮಕ್ಕಳು ಹಾಲು ಸೇರಿದಾಗ ಹೆಚ್ಚು ಬೆಳೆದರು. ಆ ಸಂಸ್ಥೆಯೇ 1958ರಲ್ಲಿ ಹೈದರಾಬಾದಿಗೆ ಬಂದು, ಇಂದು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. 2024ರಲ್ಲಿ ಹೊರಬಂದ ಅದರ ಮಾರ್ಗಸೂಚಿ ದಿನಕ್ಕೆ 300 ಮಿಲಿಲೀಟರ್ ‘ಹಾಲು ಅಥವಾ ಮೊಸರು’ ಎನ್ನುತ್ತದೆ. ಆ ‘ಅಥವಾ’ವನ್ನು ತಂದೆತಾಯಿಯರು ಎರಡು ಸಲ ಓದಿಕೊಳ್ಳಬೇಕು.

ಶಾಲೆಯಲ್ಲಿ ಪ್ರಾರ್ಥನೆ ಮುಗಿದಿತ್ತು. ಮಕ್ಕಳು ಸಾಲಾಗಿ ಕುಳಿತು ಲೋಟ ಹಿಡಿದಿದ್ದರು. ಹೆಚ್ಚಿನವರು ಗಟಗಟನೆ ಕುಡಿದು ಮೇಲ್ದುಟಿಯ ಬಿಳಿ ಮೀಸೆ ಒರೆಸಿಕೊಂಡರು. ಆರನೆಯ ತರಗತಿಯ ಹುಡುಗನೊಬ್ಬ ಮಾತ್ರ ಲೋಟವನ್ನು ಪಕ್ಕದವನ ಕಡೆಗೆ ಮೆಲ್ಲಗೆ ಸರಿಸುತ್ತಿದ್ದ.

“ಅವನಿಗೆ ಕುಡಿದರೆ ಹೊಟ್ಟೆನೋವು ಸಾರ್,” ಎಂದರು ಮೇಷ್ಟ್ರು. “ಮೊದಮೊದಲು ಕಳ್ಳಾಟ ಅಂತ ಅವರಪ್ಪನೇ ಹೊಡೆದಿದ್ದರು. ಎರಡನೇ ಪೀರಿಯಡ್ಡಿಗೆ ಹೊಟ್ಟೆ ಹಿಡ್ಕೊಂಡು ಕೂರೋನು. ಬೆಳಿಗ್ಗೆ ಏನೂ ತಿನ್ನದೆ ಬರ್ತಾನೆ ನೋಡಿ, ಅದಕ್ಕೇ ಹೆಚ್ಚು. ಈಗ ಅರ್ಧ ಲೋಟ ಮಾತ್ರ ಕೊಡ್ತೀವಿ. ಮನೇಲಿ ಮುದ್ದೆ ತಿಂದು ಬಾ ಅಂತ ಹೇಳಿದ್ದೀವಿ.”

ಇಂಥ ಹುಡುಗರು ಪ್ರತಿ ಶಾಲೆಯಲ್ಲೂ ಇದ್ದಾರೆ. ಅವರನ್ನು ಹೊಡೆದು ಕುಡಿಸುವುದರಿಂದ ಯಾವ ಪೋಷಣೆಯೂ ಆಗದು. ಮೇಷ್ಟ್ರು ಮಾಡಿದ್ದೇ ಸರಿಯಾದ ಚಿಕಿತ್ಸೆ: ತಿಂಡಿಯ ಮೇಲೆ, ಸ್ವಲ್ಪ ಸ್ವಲ್ಪವಾಗಿ, ಆಗಲೂ ಒಗ್ಗದಿದ್ದರೆ ಮೊಸರು, ಮಜ್ಜಿಗೆ. ಹಾಲು ಕುಡಿದೊಡನೆ ಮೈಮೇಲೆ ದದ್ದು, ತುಟಿ ಊತ, ವಾಂತಿ, ಉಬ್ಬಸ ಕಾಣಿಸಿದರೆ ಮಾತ್ರ ಅದು ಬೇರೆ ವಿಷಯ. ಅದು ಹಾಲಿನ ಪ್ರೋಟೀನಿನ ಅಲರ್ಜಿ ಇರಬಹುದು, ವೈದ್ಯರಿಗೆ ತೋರಿಸಲೇಬೇಕು.

ಇನ್ನು ಹಾಲಿಲ್ಲದೆ ಮೂಳೆ ಬೆಳೆಯುವುದೇ ಇಲ್ಲ ಎನ್ನುವವರಿಗೆ ಮಂಡ್ಯದ ಸೀಮೆಯಲ್ಲೇ ಉತ್ತರ ಇದೆ. ಶಾಲೆಯ ಒಂದು ಲೋಟ ಹಾಲಿನಲ್ಲಿ ಸುಮಾರು 180 ಮಿಲಿಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಇದ್ದರೆ, ನೂರು ಗ್ರಾಂ ರಾಗಿಹಿಟ್ಟಿನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಇದೆ. ರಾಗಿಯಲ್ಲಿರುವ ಕೆಲವು ಪದಾರ್ಥಗಳು ಅದನ್ನು ಪೂರ್ತಿ ಹೀರಲು ಬಿಡುವುದಿಲ್ಲ ಎಂಬುದು ನಿಜ. ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಆ ಅಡ್ಡಿ ಕಡಿಮೆಯಾಗುತ್ತದೆ. ಮೂಳೆಗೆ ಬಿಸಿಲೂ ಬೇಕು, ಓಟವೂ ಬೇಕು. ಹೆಚ್ಚು ಹಾಲು ಕುಡಿದವರಿಗೆ ಮುಪ್ಪಿನಲ್ಲಿ ಮೂಳೆ ಮುರಿಯುವುದು ಕಡಿಮೆ ಎಂಬುದಕ್ಕೆ ಸ್ಪಷ್ಟ ಆಧಾರ ಸಿಕ್ಕಿಲ್ಲ.

ಆದರೆ ಮಾಂಸ, ಮೊಟ್ಟೆ ಮುಟ್ಟದ ಮನೆಗಳಲ್ಲಿ ಹಾಲು ಮೊಸರನ್ನು ಲಘುವಾಗಿ ಕಾಣುವಂತಿಲ್ಲ. ನರಗಳಿಗೂ ರಕ್ತಕ್ಕೂ ಬೇಕಾದ ಬಿ-12 ಜೀವಸತ್ವ ಕಾಳಿನಲ್ಲಿಲ್ಲ, ಸೊಪ್ಪಿನಲ್ಲಿಲ್ಲ. ಸಸ್ಯಾಹಾರಿ ಮಗುವಿಗೆ ಅದು ಬರುವ ಮುಖ್ಯ ದಾರಿ ಹಾಲು ಮೊಸರೇ. ಹಸುವಿನ ಹಾಲು ಕರುವಿಗೆ ಮಾತ್ರ, ಮನುಷ್ಯನಿಗೆ ವಿಷ ಎಂದು ಸಾರುವವರು ಇದನ್ನು ಹೇಳುವುದಿಲ್ಲ. ಹಾಲಿನಲ್ಲಿ ಕಬ್ಬಿಣಾಂಶ ತೀರ ಕಡಿಮೆ, ಆದ್ದರಿಂದ ಬರೀ ಹಾಲಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ಎರಡು ಮೂರು ವರ್ಷದ ಕೂಸುಗಳು ರಕ್ತಹೀನತೆಗೆ ಸಿಲುಕುತ್ತವೆ ಎಂಬುದನ್ನು ಹಾಲನ್ನು ಅಮೃತವೆನ್ನುವವರೂ ಹೇಳುವುದಿಲ್ಲ. ಆರು ತಿಂಗಳ ತನಕವಂತೂ ತಾಯಿಯ ಹಾಲೊಂದೇ ಸಾಕು. ಡಬ್ಬದ ಪುಡಿಗಳ ವಿಷಯಕ್ಕೆ ಬಂದರೆ, ಅವುಗಳಲ್ಲಿ ಅನೇಕವುಗಳಿಂದ ಹಾಲಿಗೆ ಸೇರುವುದು ಮುಖ್ಯವಾಗಿ ಸಕ್ಕರೆ. ಪರೀಕ್ಷೆಯ ಮುನ್ನಾದಿನ ಎರಡು ಲೋಟ ಕುಡಿಸಿದರೆ ಅಂಕ ಏರುವುದೂ ಇಲ್ಲ.

ನನಗೆ ಹೆಚ್ಚು ಕಸಿವಿಸಿಯಾದದ್ದು ಡೈರಿಯ ಮುಂದೆ ಕಂಡ ಚಹಾದ ಲೋಟ. ಹಾಲು ಕರೆಯುವ ಮನೆಯಲ್ಲೇ ಎಂಟು ವರ್ಷದ ಮಗು ಬೆಳಿಗ್ಗೆ ಚಹಾ ಕುಡಿದು ಶಾಲೆಗೆ ಹೋಗುತ್ತದೆ. ಊಟತಿಂಡಿಯ ಜತೆಗೆ ಚಹಾ ಕುಡಿದರೆ ಆಹಾರದ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಏಳು ಲೀಟರಿನಲ್ಲಿ ಅರ್ಧ ಲೀಟರ್ ಹಿಡಿದಿಟ್ಟು ರಾತ್ರಿ ಹೆಪ್ಪು ಹಾಕಿದರೆ ಇಬ್ಬರು ಮಕ್ಕಳಿಗೂ ಮುದ್ದೆಯ ಮೇಲೊಂದಿಷ್ಟು ಮೊಸರಾಗುತ್ತದೆ. ಬಟವಾಡೆಯಲ್ಲಿ ಅಷ್ಟು ಕಡಿಮೆಯಾಗುವುದು ನಿಜ. ಆ ಲೆಕ್ಕವನ್ನು ಆ ಮನೆಯವರೇ ಹಾಕಬೇಕು, ಹೊರಗಿನವನಾದ ನಾನಲ್ಲ. ಆದರೆ ಸಂಘದ ಸಭೆಯಲ್ಲಿ ಹಿಂಡಿಯ ಬೆಲೆಯ ಜತೆಗೆ ಈ ಮಾತೂ ಒಮ್ಮೆ ಬರಬಹುದಲ್ಲವೇ?

ಶಾಲೆಯ ಅಡುಗೆಮನೆಯಲ್ಲಿ ಹಾಲಿನ ಪುಡಿಯ ಚೀಲದ ಪಕ್ಕದಲ್ಲೇ ರಾಗಿ ಮಿಶ್ರಣದ ಪೊಟ್ಟಣಗಳಿದ್ದವು. ವಾರದ ಕೆಲವು ದಿನ ಹಾಲಿಗೆ ರಾಗಿ ಮಾಲ್ಟ್ ಬೆರೆಸಿ ಕೊಡುವ ಕ್ರಮ 2024ರಲ್ಲಿ ಶುರುವಾಯಿತು. ಬರೀ ಹಾಲಿಗಿಂತ ಇದನ್ನೇ ಮಕ್ಕಳು ಇಷ್ಟಪಡುತ್ತಾರೆ ಎಂದು ಅಡುಗೆಯವರು ಹೇಳಿದರು. ಆ ಹುಡುಗನೂ ಕುಡಿಯುತ್ತಾನೆಯೇ ಎಂದು ಕೇಳಿದೆ.

“ಮುಕ್ಕಾಲ್ ಲೋಟ ಕುಡೀತಾನೆ ಸಾ. ಮಿಕ್ಕಿದ್ದ ಪಕ್ಕದೋನ್ಗೆ ಬಗ್ಗುಸ್ತಾನೆ,” ಎಂದು ನಕ್ಕು ಆಕೆ ಖಾಲಿ ಪಾತ್ರೆಯನ್ನು ನಲ್ಲಿಯ ಕೆಳಗೆ ಇಟ್ಟರು. ಮಧ್ಯಾಹ್ನದ ಸಾರಿಗೆ ಬೇಳೆ ಆಗಲೇ ಒಲೆಯ ಮೇಲೆ ಕುದಿಯುತ್ತಿತ್ತು.